ಹಿಡಿಯೊಳಗಿನ ಕಾಲು

ಚೈನಿನ ಹಲ್ಲಿನ ಮೇಲೆ ಇರುವೆಯೊಂದು ಹತ್ತಿ ನಿಂತಿದೆ, ಈ ಯಂತ್ರ ಇನ್ನು ಏಳುವುದಿಲ್ಲ ಅಂತ ಅದಕ್ಕೂ ಖಾತ್ರಿಯಾದಂತಿದೆ, ಪೆಟ್ರೋಲಿನ ವಾಸನೆ, ಹಸಿ ಹೊಟ್ಟಿನ ವಾಸನೆ, ಅರ್ಧ ಕೊಯ್ದ ಹುಣಸೆ ದಿಮ್ಮಿ ಬಾಯಿ ತೆರೆದುಕೊಂಡು ಬಿದ್ದಿದೆ, ನನ್ನ ಗಂಡ ಕಾಡಪ್ಪ ಯಂತ್ರದ ಗರಗಸವನ್ನು ಎದೆಮಟ್ಟಕ್ಕೆ ಎತ್ತಿ ಅದನ್ನು ಚಾಲೂ ಮಾಡುವ ಹಗ್ಗ ಜಗ್ಗುತ್ತಾನೆ, ಅದು ಅವನ ಕೈಯನ್ನೇ ಹಿಂದಕ್ಕೆ ಎಳೆದು ಒಗೆಯುತ್ತದೆ, ನೆಲಕ್ಕಿಟ್ಟು ಹಿಡಿಯೊಳಗೆ ಕಾಲಿಟ್ಟು ಒತ್ತು ಅಂದರೆ ಮೊದಲು ಕಿವುಡನಾಗುತ್ತಾನೆ, ಆಮೇಲೆ ಬೈಯುತ್ತಾನೆ, ಖಂಡೇನವಮಿಗೆ ವಿಭೂತಿ ಹಚ್ಚಿದ ಗರಗಸ ಐತಿ ಇದು, ಕಾಲಿಲೆ ತುಳಿ ಅಂತೀಯಲ್ಲ, ಬುದ್ಧಿ ಐತೇನು ನಿನಗ — ಐತಿ, ನನಗೇ ಐತಿ, ಅದೇ ತೊಂದರೆ. ಮದುವೆಯಾಗಿ ಮುನವಳ್ಳಿಗೆ ಬಂದ ಹೊಸತರಲ್ಲಿ ಅಂಗಳದಲ್ಲಿ ಮಲಗಿಸಿದ್ದ ಉದ್ದ ಕೈಗರಗಸವನ್ನು ಕಾಣದೆ ದಾಟಿಬಿಟ್ಟೆ, ಮಾವ ಗಂಗಪ್ಪ ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದರು, ಹೆಣ್ಮಕ್ಕಳು ದಾಟಿದ್ರ ಹಲ್ಲು ಮೊಂಡ ಆಗತಾವ, ನೀರ ಹಾಕಿ ಕೈ ಮುಗಿ ಅಂದರು, ಮುಗಿದೆ, ಹೊಸ ಕಾಲುಂಗುರದ ಮೇಲೆ ಆ ನೀರು ಹರಿಯಿತು, ಆಮೇಲೆ ಇಷ್ಟು ವರ್ಷ ಮೊಂಡಾದ ಹಲ್ಲನ್ನೆಲ್ಲ ಕಾನಸು ಹಿಡಿದು ಮಸೆದವಳು ಯಾರು, ನಾನೇ, ಆಗ ಯಾವ ದೇವರೂ ಮುನಿಯಲಿಲ್ಲ.

ದಿಮ್ಮಿಯಡಿ ತೋಡಿದ ಕುಣಿಯೊಳಗೆ ನಿಂತು ಕೈಗರಗಸ ಎಳೆದವಳೂ ನಾನೇ, ಮೇಲೆ ಗಂಡ, ಕೆಳಗೆ ನಾನು, ಕಣ್ಣು ತುಂಬ ಹೊಟ್ಟು, ಇನ್ನು ಆ ಕುಣಿಗೆ ಇಳಿಯಲಾರೆ, ಸತ್ತರೂ ಇಳಿಯಲಾರೆ, ಡ್ಯಾಮಿನ ನೀರು ಏರುವ ಮೊದಲು ಮರ ಕಡಿಸಿದ ಗುತ್ತಿಗೆದಾರ ಈ ಸವಕಲು ಯಂತ್ರ ಬಿಟ್ಟುಹೋದಾಗ ನಾನೇ ಗಂಡನಿಗೆ ಗಂಟುಬಿದ್ದು ಮನೆಗೆ ತರಿಸಿದ್ದು, ಜಾಲಿ ಕೊಯ್ಯುತ್ತಿತ್ತು, ಹುಣಸೆ ಅಂದರೆ ನಡುವೆಯೇ ಉಸಿರು ಬಿಡುತ್ತಿತ್ತು. ಕಟ್ಟಿಗೆ ಅಡ್ಡೆಯ ಮಾಲೀಕ ನಿಜಗುಣಪ್ಪ ನಿನ್ನೆ ಹೇಳಿಹೋದ, ನಾಳೆ ಹೊತ್ತು ಮುಳುಗೂದ್ರೊಳಗ ಈ ದಿಮ್ಮಿ ಎರಡಾದ್ರ ನನ್ನ ಕೆಲಸೆಲ್ಲ ನಿಮಗ, ಇಲ್ಲಾಂದ್ರ ಮಷೀನ ಗುಜರಿಗೆ ಹಾಕ್ರಿ, ಕುಣಿ ತೋಡ್ರಿ. ತೋಡಲಿ, ಅವನೇ ಇಳಿಯಲಿ. ಅವನು ಹೋದದ್ದೇ ತಡ, ಸವದತ್ತಿಗೆ ಹೋಗಿ ಮೋಟಾರ್‌ಸೈಕಲ್ ಮಿಸ್ತ್ರಿ ಬಾಳುವಿನ ಅಂಗಡಿ ಮುಂದೆ ಕುಳಿತೆ, ಮೊದಲು ನಕ್ಕ, ಆಮೇಲೆ ಹೇಳಿಕೊಟ್ಟ, ಹೊಗಿ ಲಗೂ ಹೊರಗ ಹೋಗಬೇಕ್ರಿ ವೈನಿ, ಗವಾಕ್ಷಿ ಮುಚ್ಚಿದ್ರ ಒಲಿ ಉರೀತೈತೇನು, ಸಿಲಿಂಡರಿನ ಹೊಗಿ ಕಂಡಿ ಮಸದು ಅಗಲ ಮಾಡ್ರಿ, ಅದರ ಕೆಳಗಿನ ದಪ್ಪ ಪ್ಯಾಕಿಂಗ್ ತಗದು ತೆಳ್ಳಂದು ಹಾಕ್ರಿ, ಜೋರ ಬರತೈತಿ, ಕಲಿಯಲು ಒಂದು ಹಳೆ ಸಿಲಿಂಡರ್ ಕೊಟ್ಟ, ನಾನು ಕಾನಸಿನವಳು, ಕಂಡಿಯ ಅಂಚನ್ನೂ ಗರಗಸದ ಹಲ್ಲಿನ ಹಾಗೆ ಚೂಪಾಗಿ ಮಸೆದುಬಿಟ್ಟೆ, ಒಳಗಿನ ರಿಂಗ್ ಆ ಅಂಚಿಗೆ ಸಿಕ್ಕಿ ಪಟ್ಟನೆ ಮುರಿಯಿತು, ಇದು ಕಟ್ಟಿಗಿ ಕೊಯ್ಯೂ ಹಲ್ಲಲ್ಲ ವೈನಿ, ಅಂಚು ಸವರ್ರಿ ಅಂದ, ಮಗುವಿನ ಕೆನ್ನೆಯ ಹಾಗೆ ಸವರಿದೆ, ನಮ್ಮ ಯಂತ್ರಕ್ಕೂ ಹಾಗೇ ಮಾಡಿದೆ, ಅಗರಬತ್ತಿ ಡಬ್ಬಿಯ ರಟ್ಟಿನಿಂದ ತೆಳ್ಳನೆ ಪ್ಯಾಕಿಂಗ್ ಕತ್ತರಿಸಿ ಕೂರಿಸಿದೆ, ಬರುವಾಗ ಬಾಳು ಹೇಳಿದ್ದೇ ಕೊನೆಯ ಪಾಠ, ಇನ್ನ ಅದಕ್ಕ ಸೊಕ್ಕು ಬರತೈತಿ, ಎತ್ತಿ ಹಿಡದು ಜಗ್ಗಿದ್ರ ಒದಿತೈತಿ, ನೆಲಕ್ಕ ತುಳದು ಜಗ್ರಿ. ಕೊಟ್ಟ ಬಲಕ್ಕೆ ಅದು ಕೇಳುವುದು ಒಂದು ಕಾಲು, ಅಷ್ಟೇ, ಆ ಕಾಲು ಈ ಗಂಡಸರ ಹತ್ತಿರ ಇಲ್ಲ.

ಕಾಡಪ್ಪ ಮೊಣಕೈ ಹಿಡಿದುಕೊಂಡು ಕುಳಿತ, ಮಾವ ತಲೆ ಅಲ್ಲಾಡಿಸಿ, ಸೊಸಿ ಕೈ ಹಚ್ಚಿ ಕೆಡಿಸಿದಳು, ಗುಜರಿಗೆ ಹಾಕು, ಅಂದರು, ಬಿಸಿಲು ಇಳಿಯುತ್ತಿದೆ, ನಾನು ಸೀರೆಯ ಕಚ್ಚೆ ಬಿಗಿದು ಗರಗಸವನ್ನು ನೆಲಕ್ಕಿಟ್ಟೆ, ಇರುವೆಯನ್ನು ಊದಿದೆ, ಕೈ ಮುಗಿಯಲೇ, ಮುಗಿದೆ, ನನ್ನ ಕೆಲಸದ ಗರಗಸ ಇದು, ಅದಕ್ಕೆ ನಾನೂ ಕೈ ಮುಗಿಯುತ್ತೇನೆ, ಆಮೇಲೆ ಕಾಲು, ಕಾಲುಂಗುರ ಹಿಡಿಗೆ ತಾಗಿ ಕಿಣ್ ಎಂದಿತು, ಕೃಷ್ಣವ್ವಾ, ಕಾಲ ತಗಿ, ಮಾವನ ದನಿ, ತಗಿಯೂದಿಲ್ರಿ ಮಾವ, ಕುಣಿಗೆ ಇಳಿದ ಕಾಲು ಇದು, ಆಗ ಯಾಕ ತಗಿ ಅನಲಿಲ್ಲ — ಜಗ್ಗಿದೆ, ಒದೆಯಿತು, ತುಳಿದೆ, ಮತ್ತೆ ಜಗ್ಗಿದೆ, ಹೊಗೆ, ಹಕ್ಕಿಗಳೆಲ್ಲ ಎದ್ದು ಹೋದವು, ಎದೆಯೊಳಗೆಲ್ಲ ಸದ್ದು, ಎಂಥ ಸದ್ದು, ಮಾವ ನಿಂತಿದ್ದಾರೆ, ಬಾಯಿ ಆಡುತ್ತಿದೆ, ಒಂದು ಮಾತೂ ಕೇಳಿಸುತ್ತಿಲ್ಲ, ಮತ್ತೆ ಕಾಲನ್ನೇ ನೋಡುತ್ತಿದ್ದಾರೆ, ನೋಡಲಿ, ನಾನೂ ನೋಡುತ್ತೇನೆ, ಹಿಡಿಯೊಳಗೆ ನನ್ನ ಕಾಲು, ಬೆರಳಲ್ಲಿ ಕಾಲುಂಗುರ, ಗಡಗಡ ನಡುಗುತ್ತಿರುವ ಕಾಲುಂಗುರ, ಅಲುಗದ ಕಾಲು