ಮುಚ್ಚಿದ ಡಬ್ಬಿ

ಜೀವಮಾನವಿಡೀ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳ ಮುಂದೆ ಮಕ್ಕಳ ವಿಷಯ ಎತ್ತುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ಮೊಮ್ಮಗಳಿಗೆ ನೆಗಡಿಯಾದರೂ ಅಜ್ಜಿಯದೇ ಕೊನೆಯ ಮಾತು. ಅಳಿಯ ಬೆನ್ನ ಹಿಂದೆ ಅವಳನ್ನು ‘ದೊಡ್ಡ ಡಾಕ್ಟರು’ ಎನ್ನುತ್ತಿದ್ದ. ಅದು ಕಿವಿಗೆ ಬಿದ್ದಾಗ ಅವಳು ಒಳಗೊಳಗೇ ಉಬ್ಬಿದ್ದಳು.

ಎರಡು ತುಂಬಿದರೂ ಮೊಮ್ಮಗಳು ಮಾತಾಡಲಿಲ್ಲ. ಹೆಸರು ಹಿಡಿದು ಕೂಗಿದರೂ ತಿರುಗದೆ, ಚಮಚಗಳನ್ನು ಸಾಲಾಗಿ ಜೋಡಿಸುತ್ತ ಕೂರುತ್ತಿದ್ದಳು. ಮಗಳು ಹೆದರಿ, ತಜ್ಞರನ್ನು ಕಾಣಲು ದಿನ ಗೊತ್ತುಮಾಡಿಕೊಂಡಳು.

“ನಿನಗೇನು ತಲೆ ಕೆಟ್ಟಿದೆಯಾ? ಎಂಥೆಂಥ ಮಕ್ಕಳನ್ನ ನೋಡಿದೀನಿ ನಾನು! ಇವಳು ಬಾಯಿ ಬಿಡೋ ಮೊದಲೇ ಏನು ಬೇಕು ಅಂತ ನನಗೆ ಗೊತ್ತಾಗತ್ತೆ,” ಎಂದು ಅಜ್ಜಿ ಗದರಿದಳು. ಮಗಳು ಆಸ್ಪತ್ರೆಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿಬಿಟ್ಟಳು.

ಅಜ್ಜಿ ಹೇಳಿದ್ದು ಸುಳ್ಳೇನಲ್ಲ. ಮೊಮ್ಮಗಳು ಅಡುಗೆಮನೆಯ ಕಡೆ ನಡೆದರೆ ನೀರು, ಬಾಗಿಲ ಬಳಿ ನಿಂತರೆ ಚಪ್ಪಲಿ, ಎಲ್ಲ ಕೇಳದೆಯೇ ಬರುತ್ತಿತ್ತು. ಆದರೆ ವಾರ್ಡಿನ ಮಕ್ಕಳು ಜ್ವರ ಇಳಿದ ಕೂಡಲೇ ಮನೆಗೆ ಹೋಗುವವರು. ಅವರು ಬೆಳೆಯುವುದನ್ನು ಅವಳು ನೋಡಿದವಳೇ ಅಲ್ಲ. ಇದು ಅವಳಿಗೆ ಹೊಳೆಯುವಷ್ಟರಲ್ಲಿ ವರ್ಷ ಕಳೆದಿತ್ತು.

ಕೊನೆಗೂ ತೋರಿಸಿದರು. ಡಾಕ್ಟರು ಆಟಿಸಂ ಎಂದರು. “ಇದು ಯಾರ ತಪ್ಪಿನಿಂದಲೂ ಬಂದಿದ್ದಲ್ಲ. ಬೇಗ ಶುರು ಮಾಡಿದಷ್ಟೂ ಒಳ್ಳೇದು. ಈಗಲೂ ಕಾಲ ಮಿಂಚಿಲ್ಲ.” ಅಷ್ಟು ಮಾತುಗಳಲ್ಲಿ ‘ಬೇಗ’ ಎಂಬುದೊಂದೇ ಅಜ್ಜಿಯ ಎದೆಗೆ ನಾಟಿತು.

ಥೆರಪಿಸ್ಟ್ ಒಂದು ಪಾಠ ಹೇಳಿಕೊಟ್ಟಳು. “ಬಿಸ್ಕತ್ತಿನ ಡಬ್ಬಿ ಗಟ್ಟಿಯಾಗಿ ಮುಚ್ಚಿ ಕೊಡಿ ಅಜ್ಜಿ. ಅವಳು ಹೇಗಾದ್ರೂ ಕೇಳೋವರೆಗೆ ಸ್ವಲ್ಪ ಕಾಯಿರಿ. ಮಾತೇ ಆಗಬೇಕಿಲ್ಲ, ಕೈ ಹಿಡಿದ್ರೂ ಸಾಕು.”

ಕಾಯುವುದೊಂದೇ ಅಜ್ಜಿಗೆ ಬಾರದ ಕೆಲಸ. ಮನೆಯಲ್ಲಿ ಮೊಮ್ಮಗಳು ಡಬ್ಬಿ ಅಲ್ಲಾಡಿಸಿದಳು, ಮುಖ ಸಣ್ಣದು ಮಾಡಿದಳು. ಅಜ್ಜಿ ತಡೆಯಲಾರದೆ ಮುಂದೆ ಹೋಗುತ್ತಿದ್ದ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತಳು.

ಮೊಮ್ಮಗಳು ಹತ್ತಿರ ಬಂದು ಒಂದು ಕೈಯನ್ನು ಹೊರಗೆಳೆದಳು. ಅದನ್ನು ಮುಚ್ಚಳದ ಮೇಲಿಟ್ಟಳು. ಆಮೇಲೆ ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಅವಳು ಹಾಗೆ ನೋಡಿದ್ದು ಅಜ್ಜಿಗೆ ನೆನಪೇ ಇರಲಿಲ್ಲ.

“ಬಿಸ್ಕತ್ತು,” ಎಂದು ಅಜ್ಜಿ ಮುಚ್ಚಳ ತೆಗೆದಳು. ಬಾಗಿಲಲ್ಲಿ ನಿಂತಿದ್ದ ಮಗಳತ್ತ ನೋಡದೆಯೇ ಹೇಳಿದಳು: “ಹೋದ ವರ್ಷವೇ ನಿನ್ನ ಮಾತು ಕೇಳಬೇಕಿತ್ತು ಕಣೇ. ನನ್ನ ಜಂಬ ಇವಳ ಒಂದು ವರ್ಷ ತಿಂದುಹಾಕ್ತು.”

ಮಗಳು ಬಂದು ಪಕ್ಕದಲ್ಲಿ ಕುಳಿತಳು.

“ಡಬ್ಬಿ ಮತ್ತೆ ಮುಚ್ಚಮ್ಮ,” ಎಂದಳು.