ಬಿಸಿಯಾಗುವ ಟ್ರ್ಯಾಕ್ಟರ್, ಬಗ್ಗದ ಅತ್ತೆ

ಹೊಗೆಯಿಂದ ಶುರು ಮಾಡಲೇ, ಅತ್ತೆಯಿಂದ ಶುರು ಮಾಡಲೇ? ಎರಡೂ ಕಣ್ಣುರಿಸುವಂಥವೇ. (ಈ ಸಾಲು ಅತ್ತೆಯ ಕಣ್ಣಿಗೆ ಬೀಳದಿರಲಿ.) ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: "ಯಂತ್ರನಾಗರಿಕತೆಯ ಎದೆಯಾಳದ ಬೇಗುದಿ ಆ ಪುಟ್ಟ ಟ್ರ್ಯಾಕ್ಟರಿನ ನೆತ್ತಿಯಿಂದ ಆವಿಯಾಗಿ ಏಳುತ್ತಿತ್ತು." ಬರೆದು, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿದೆ. ನನಗೇ ನಗು ಬಂತು, ಹರಿದು ಹಾಕಿದೆ. ಎಂಜಿನ್ ಬಿಸಿಯಾಗುತ್ತಿತ್ತು, ಅಷ್ಟೆ.

೧

ಓದುಗರೇ, ಪಾತ್ರಗಳು ಮೂರೇ. ನಾಲ್ಕನೆಯದನ್ನು ಸಾಕುವ ಶಕ್ತಿ ಈ ಕಥೆಗಿಲ್ಲ. ಒಬ್ಬ ಕುಶನ್ ಕೆಲಸದವನು; ಸೋಫಾ, ಕುರ್ಚಿ, ಕಾರಿನ ಸೀಟು, ಯಾವುದಕ್ಕಾದರೂ ಫೋಮ್ ಇಟ್ಟು ರೆಕ್ಸಿನ್ ಹೊಲಿದು ಕೊಡುತ್ತಾನೆ. ಇನ್ನೊಬ್ಬಳು ಅವನ ಹೆಂಡತಿ. ಮತ್ತೊಬ್ಬರು ಆ ಹೆಂಡತಿಯ ತಾಯಿ, ಅಂದರೆ ಅವನ ಅತ್ತೆ. ಅತ್ತೆಯ ಮೊಣಕಾಲು ಕೈಕೊಟ್ಟು (ಮೊಣಕಾಲಿಗೂ ಕೈ ಕೊಡುವ ಉದಾರ ಭಾಷೆ ನಮ್ಮದು) ಬಹಳ ಕಾಲವಾಯಿತು. ಮನೆಯ ಹಿಂದೆ ಉದ್ದನೆಯ ಹುಲ್ಲುಹಾಸು, ಅದರ ಕೊನೆಗೊಂದು ಗೇಟು, ಗೇಟಿನಾಚೆ ಅತ್ತೆಯ ಗೆಳತಿ ನರ್ಸಮ್ಮ. (ನೋಡಿ, ನಾಲ್ಕನೆಯವರು ಬಂದೇಬಿಟ್ಟರು. ಆದರೆ ಅವರು ತಮ್ಮ ಮನೆ ಬಿಟ್ಟು ಕದಲುವುದಿಲ್ಲ.) ಇಬ್ಬರೂ ದಿನಾ ಇಸ್ಪೀಟು ಆಡುತ್ತಾರೆ, ದಿನಾ ಜಗಳವಾಡುತ್ತಾರೆ. ಅಲ್ಲಿಗೆ ಹೋಗಲು ಅತ್ತೆಗಿದ್ದ ಕಾಲು ಎಂದರೆ ಹುಲ್ಲು ಕತ್ತರಿಸುವ ಆ ಪುಟ್ಟ ಟ್ರ್ಯಾಕ್ಟರ್ ಒಂದೇ. ಅದರ ಮೇಲೆ ಕೂತರೆ ಯಾರ ಕೈಯನ್ನೂ ಹಿಡಿಯಬೇಕಿರಲಿಲ್ಲ, ಯಾರನ್ನೂ ಕೇಳಬೇಕಿರಲಿಲ್ಲ.

೨

ಹಳೆಯ ಎಂಜಿನ್ ಸತ್ತಿತು. ಅಳಿಯ ಗುಜರಿಯಿಂದ ಜನರೇಟರಿನ ಎಂಜಿನ್ನೊಂದನ್ನು ತಂದು, ಬೋಲ್ಟಿನ ತೂತು ಕೂಡದಿದ್ದಲ್ಲಿ ಹೊಸ ತೂತು ಕೊರೆದು, ಹೇಗೋ ಕೂರಿಸಿದ. ಟ್ರ್ಯಾಕ್ಟರ್ ಓಡಿತು. ಹುಲ್ಲುಹಾಸಿನ ನಡುಮಧ್ಯ ತಲುಪಿ, ಕಾದ ಕಬ್ಬಿಣದ ವಾಸನೆ ಬಿಟ್ಟು, ನಿಂತಿತು. ಮರುದಿನವೂ ಅಲ್ಲೇ ನಿಂತಿತು. ಅತ್ತೆ ಸೀಟಿನ ಮೇಲೆಯೇ ಕೈಕಟ್ಟಿ ಕೂತು, ಎತ್ತಿಕೊಂಡು ಹೋಗಲು ಬಂದ ಮಗಳಿಗೆ, "ನಾನೇನು ಹುಲ್ಲಿನ ಮೂಟೇನಾ?" ಎಂದರು.

"ಇನ್ನೊಂದ್ಸಲ ನಿಂತ್ರೆ ಇದನ್ನ ಗುಜರಿಗೇ ಹಾಕ್ತೀನಿ ಅಮ್ಮ," ಎಂದಳು ಮಗಳು. "ಗಾಲಿಕುರ್ಚಿ ತರಿಸಿದೀನಿ. ಸಂಜೆ ಕೆಲಸದಿಂದ ಬಂದ್ಮೇಲೆ ನಾನೇ ತಳ್ಕೊಂಡು ಹೋಗ್ತೀನಿ."

"ನಿನಗೆ ಪುರುಸೊತ್ತು ಆದಾಗ ನಾನು ಹೋಗ್ಬೇಕಾ, ನನಗೆ ಹೋಗ್ಬೇಕು ಅನ್ಸಿದಾಗ ಹೋಗ್ಬೇಕಾ?"

ಮಗಳು ಗಾಲಿಕುರ್ಚಿ ತರಲು ಮನೆಯತ್ತ ನಡೆದಳು. ಅವಳಿಗೊಂದು ಉತ್ತರ ಬರೆದುಕೊಡೋಣವೆಂದು ನಾನು ಪೆನ್ನು ಕಚ್ಚಿದೆ. ಏನೂ ಹೊಳೆಯಲಿಲ್ಲ.

೪

(ಮೂರರಲ್ಲಿ ಸೂರ್ಯಾಸ್ತವಿತ್ತು. ತೆಗೆದೆ.)

ಅಳಿಯ ಆಯಿಲ್ ಬದಲಾಯಿಸಿದ, ಪ್ಲಗ್ ಬದಲಾಯಿಸಿದ. ಎಂಜಿನ್ನಿನ ಮೈಮೇಲಿನ ಪಟ್ಟಿಗಳ ಸಂದಿನಲ್ಲಿದ್ದ ಕಸವನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. (ಯಾರ ಬ್ರಷ್ಷು ಎಂಬುದು ಹೆಂಡತಿಗೆ ಇನ್ನೂ ಗೊತ್ತಿಲ್ಲ.) ಅದು ನೀರಿನಿಂದಲ್ಲ, ಗಾಳಿಯಿಂದ ತಣಿಯುವ ಎಂಜಿನ್; ಅದರ ಫ್ಯಾನು ತಣ್ಣನೆಯ ಗಾಳಿ ಎಳೆದು ಮೈಗೆಲ್ಲ ಊದಬೇಕು. ಊದುತ್ತಲೂ ಇತ್ತು. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೂ ಹಸುವಿನಷ್ಟು ಸಾಧು, ಹೊರಗೆ ಬಂದರೆ ನಡುಮಧ್ಯದಲ್ಲಿ ಜ್ವರ.

ಇಲ್ಲಿ ನಾನು ಮೂಗು ತೂರಿಸಿದೆ. "ಹುಲ್ಲುಹಾಸಿನ ಮಧ್ಯ ಏನೋ ಶಾಪ ಇದೆ ಅಂತ ಮಾಡೋಣ್ವಾ? ಮ್ಯಾಜಿಕ್ ರಿಯಲಿಸಂ ಆಗತ್ತೆ."

"ಸಾರ್, ನನ್ನ ಎಂಜಿನ್ ಸುದ್ದಿಗೆ ಬರ್ಬೇಡಿ," ಎಂದ ಅವನು. "ಸ್ಪ್ಯಾನರ್ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಾ ನಿಮಗೆ?"

ಗೊತ್ತಿಲ್ಲ. ಅದಕ್ಕೇ ಕಥೆ ಬರೆಯುತ್ತೇನೆ.

೫

ಅತ್ತೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಇದನ್ನೆಲ್ಲ ನೋಡುತ್ತಿದ್ದರು.

"ಅಳಿಯಂದ್ರೇ, ಒಂದು ಮಾತು. ರಿಪೇರಿ ಮಾಡುವಾಗ ಎಂಜಿನ್ ಮೇಲಿನ ಬಾನೆಟ್ ತೆಗೆದಿರ್ತೀರಿ, ನಾನು ಹೊರಡುವಾಗ ಹಾಕ್ತೀರಿ. ತೆಗೆದಾಗ ಚೆನ್ನಾಗಿರತ್ತೆ, ಹಾಕಿದಾಗ ಕಾಯತ್ತೆ. ಹೌದೋ ಅಲ್ವೋ?"

ಅಳಿಯ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡಿದ.

"ಆ ಬಾನೆಟ್ ಸ್ವಲ್ಪ ಇಲ್ಲಿ ತನ್ನಿ."

"ಬೇಡ ಅತ್ತೆ, ತುಂಬಾ ಭಾರ."

"ತಗಡು ಅಲ್ವಾ?"

"ತಗಡೇ. ಒಳಗಡೆ ಸ್ವಲ್ಪ ಕೆಲಸ ಮಾಡಿದೀನಿ."

ಓದುಗರೇ, ಇದು ನನಗೂ ಗೊತ್ತಿರಲಿಲ್ಲ. ಬಾನೆಟ್ಟನ್ನು ಮಗುಚಿದರೆ ಒಳಮೈಗೆಲ್ಲ ದಪ್ಪನೆಯ ಫೋಮು. ಅದರ ಮೇಲೆ ಕೆಂಪು ರೆಕ್ಸಿನ್, ಅಲ್ಲಲ್ಲಿ ಕಮರಿದ್ದರೂ ನೀಟಾದ ಡೈಮಂಡ್ ಹೊಲಿಗೆ, ಮೂಲೆಮೂಲೆಗೆ ಗುಂಡಿ, ಅಂಚಿಗೆ ಹುರಿಯಿಟ್ಟು ಹೊಲಿದ ಪೈಪಿಂಗ್. ಗಾಳಿ ಹೊರಹೋಗುವ ಸಂದುಗಳನ್ನೆಲ್ಲ ಒಂದೂ ಬಿಡದೆ ಮುಚ್ಚಿ ಹೊಲಿದಿದ್ದ. ಬಿಸಿ ಗಾಳಿ ದಾರಿ ಕಾಣದೆ ಒಳಗೇ ಸುತ್ತಿ ಮತ್ತೆ ಫ್ಯಾನಿನ ಬಾಯಿಗೇ ಬೀಳುತ್ತಿತ್ತು. ಎಂಜಿನ್ನಿಗೆ ಈ ಮಹಾಶಯ ರಜಾಯಿ ಹೊದಿಸಿದ್ದ.

"ಜನರೇಟರ್ ಎಂಜಿನ್ ಅತ್ತೆ, ಭಾರೀ ಸದ್ದು. ನಿಮ್ಮ ಕಿವಿಗೆ ತೊಂದರೆ ಆಗ್ಬಾರ್ದು ಅಂತ..." ಎಂದ. ಅವನ ಕಿವಿ ರೆಕ್ಸಿನ್ನಿಗೆ ಮ್ಯಾಚಿಂಗ್ ಆಗಿತ್ತು.

(ಅವನನ್ನು ಬೈಯಬೇಡಿ. ಗಟ್ಟಿಯಾದದ್ದೇನು ಕಂಡರೂ ಅವನ ಕೈ ಸುಮ್ಮನಿರದು. ಆ ಮನೆಯಲ್ಲಿ ಸುತ್ತಿಗೆಯ ಹಿಡಿಗೂ ಮೆತ್ತೆ, ಕಸದ ಬುಟ್ಟಿಯ ಮುಚ್ಚಳಕ್ಕೂ ಮೆತ್ತೆ. ಹೆಂಡತಿ ತರಿಸಿದ ಗಾಲಿಕುರ್ಚಿಗೂ ಆಗಲೇ ಒಂದು ಪಕ್ಕ ಮೆತ್ತೆ ಹೊಲಿದಾಗಿತ್ತು. ಅತ್ತೆ ಅದನ್ನು ಕಂಡು ಮುಖ ತಿರುಗಿಸಿದ್ದರು. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.)

"ಬಿಚ್ಚಿ," ಎಂದರು ಅತ್ತೆ.

"ನಾನು ಹೊಲಿದದ್ರಲ್ಲೆಲ್ಲ ಇದೇ ಬೆಸ್ಟು ಅತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಬೇರೆ ಏನಾದ್ರೂ ಕಾರಣ ಬರೀರಿ. ಪೆಟ್ರೋಲ್ ಕಲಬೆರಕೆ ಅನ್ನಿ," ಎಂದು ಪಿಸುಗುಟ್ಟಿದ.

ಸುಳ್ಳೇಕೆ, ನನ್ನ ಮನಸ್ಸು ಕರಗಿತು. ಪೆಟ್ರೋಲ್ ಎಂದು ಅರ್ಧ ಬರೆದೂ ಇದ್ದೆ.

"ಏನಪ್ಪಾ ಕಥೆಗಾರ," ಎಂದರು ಅತ್ತೆ. "ನೀನೂ ಇವರ ಥರಾನೇ. ಶುರುವಿನಲ್ಲಿ ಅದೇನೋ ನಾಗರಿಕತೆ, ಬೇಗುದಿ ಅಂತ ಮೆತ್ತೆ ಇಟ್ಟಿದ್ದೆ. ಹರಿದು ಬಿಸಾಕಿದ್ದನ್ನ ನಾನು ನೋಡಿದೀನಿ. ಹೊಗೇನೂ ಅತ್ತೇನೂ ಕಣ್ಣುರಿಸ್ತಾರೆ ಅಂದದ್ದನ್ನೂ ನೋಡಿದೀನಿ."

ಪೆಟ್ರೋಲನ್ನು ಹೊಡೆದುಹಾಕಿದೆ.

ಅಳಿಯ ಬ್ಲೇಡು ತಂದು ಕೂತ. ಒಂದೊಂದು ಗುಂಡಿ ಕೀಳುವಾಗಲೂ ತನ್ನ ಹಲ್ಲು ತಾನೇ ಕಿತ್ತುಕೊಳ್ಳುವವನಂತೆ ಮುಖ ಮಾಡುತ್ತಿದ್ದ. ಅರ್ಧದಲ್ಲಿ ಕೈ ನಿಲ್ಲಿಸಿ, "ನೀವು ಆ ಗಾಲಿಕುರ್ಚೀಲಿ ಕೂತ್ಕೊಂಡು ನಮಗೋಸ್ಕರ ಬಾಗಿಲು ಕಾಯೋದು ನನಗೂ ಬೇಡ ಅತ್ತೆ," ಎಂದ. ಅತ್ತೆಗೆ ಅವನ ಮೇಲೆ ಪ್ರೀತಿ ಉಕ್ಕಿಬಂತು. "ಆ ಮೂಲೇಲಿ ಇನ್ನೊಂದು ಗುಂಡಿ ಉಳ್ಕೊಂಡಿದೆ," ಎಂದರು.

ಕೊನೆ (ಬೇಕಾದ್ದು ಆರಿಸಿಕೊಳ್ಳಿ)

ಅ. ಅತ್ತೆ ಗೇಟು ತಲುಪುತ್ತಾರೆ. ನರ್ಸಮ್ಮ ಓಡಿಬರುತ್ತಾರೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ.

ಆ. ಟ್ರ್ಯಾಕ್ಟರ್ ನಡುಮಧ್ಯ ಮತ್ತೆ ನಿಲ್ಲುತ್ತದೆ. ಮಗಳು ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಾಳೆ. (ವಿಮರ್ಶಕರಿಗೆ ಇದೇ ಇಷ್ಟ.)

ಇ. ಟ್ರ್ಯಾಕ್ಟರ್ ಹಾರುತ್ತದೆ.

"ಮೊದಲನೇದು ಇರ್ಲಿ ಸಾರ್," ಎಂದ ಅಳಿಯ. ಅವನ ಹೆಂಡತಿ, "ಅಮ್ಮ ಅಳಲ್ಲ. ಅದನ್ನ ತೆಗೀರಿ," ಎಂದಳು. ಗಾಲಿಕುರ್ಚಿಯ 'ಆ' ಬಿಟ್ಟು 'ಅ' ಕಡೆಗೆ ಅವಳೂ ವಾಲಿದ್ದು ಕಂಡು ನನಗೆ ಸಮಾಧಾನವಾಯಿತು.

"ಯಾವುದೂ ಬೇಡ," ಎಂದರು ಅತ್ತೆ, ಸೀಟು ಹತ್ತುತ್ತ. "ಮೊದಲನೇದ್ರಲ್ಲಿ ನಾನು ತಲುಪಿದ ತಕ್ಷಣ ನೀನು ಕಥೆ ಮುಗಿಸ್ತೀಯ. ಆಮೇಲೆ ನಾನು ವಾಪಸ್ ಬರೋದು ಹೇಗೆ? ನಾಳೆ ಮತ್ತೆ ಹೋಗೋದು ಹೇಗೆ?"

ಇಷ್ಟು ವರ್ಷ ಎಷ್ಟು ಕಥೆ ಮುಗಿಸಿದ್ದೇನೆ. ಒಬ್ಬರನ್ನೂ ವಾಪಸ್ ಕರೆತಂದ ನೆನಪಿಲ್ಲ.

ಅತ್ತೆ ಕೀಲಿ ತಿರುಗಿಸಿದರು. ಎಂಜಿನ್ನಿನ ಜೊತೆ ಮೆತ್ತೆಯಿಲ್ಲದ ಬಾನೆಟ್ಟೂ ಸೇರಿ ಗಲಾಟೆ ಎಬ್ಬಿಸಿತು. ಶೆಡ್ಡಿನ ಕಿಟಕಿ ಅದುರಿತು. ಟ್ರ್ಯಾಕ್ಟರ್ ಹುಲ್ಲಿಗಿಳಿಯಿತು. ನಡುಮಧ್ಯ ಹತ್ತಿರವಾದಾಗ ಮಗಳು ಗಾಲಿಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅಳಿಯ ಮೂಗೆತ್ತಿ ಗಾಳಿ ಮೂಸಿದ. ಹಸಿ ಹುಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ನಡುಮಧ್ಯ ಹಿಂದಾಯಿತು. ಮಗಳ ಕೈ ಸಡಿಲವಾಯಿತು. ಅತ್ತೆ ತಿರುಗಿ ನೋಡಲಿಲ್ಲ. ನಾನು ಕಾಗದ ಹಿಡಿದು ಅವರ ಹಿಂದೆ ಓಡುತ್ತ, ಕಥೆಯನ್ನು ಎಲ್ಲಿ ನಿಲ್ಲಿಸಲಿ ಎಂದು ಕೂಗಿ ಕೇಳಿದೆ. ಆ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.