ನಾಲ್ಕು ಜನರ ಕೋಣೆ

ಮೊಂಬಾಸಾದ ಕ್ಲಬ್ಬೊಂದಕ್ಕೆ ಅಡುಗೆಯವನಾಗಿ ಹೊರಟಿದ್ದ ಚೆನ್ನಯನಿಗೆ ಇದ್ದದ್ದು ಒಂದೇ ಹೆದರಿಕೆ. ಅವನು ಈವರೆಗೆ ಒಬ್ಬನೇ ಮಲಗಿದವನಲ್ಲ. ಅವನು ಕೆಲಸಕ್ಕಿದ್ದ ಫೋರ್ಟಿನ ಹೋಟೆಲಿನಲ್ಲಿ ರಾತ್ರಿ ಬಾಗಿಲು ಹಾಕಿದ ಮೇಲೆ ಕೆಲಸದವರೆಲ್ಲ ಮೇಜುಗಳನ್ನು ಜೋಡಿಸಿ, ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ ತಾಗುವಂತೆ ಮಲಗುತ್ತಿದ್ದರು. ಪಕ್ಕದವನ ಗೊರಕೆ ಕೇಳದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಹಡಗಿನ ಕಂಪನಿಯ ಗುಮಾಸ್ತ ಶಾಮಣ್ಣ ದಿನಾ ಆ ಹೋಟೆಲಿನಲ್ಲೇ ಉಣ್ಣುವವನು. ಟಿಕೆಟು ಮಾಡಿಸಲು ಬಂದ ಚೆನ್ನಯನಿಗೆ ಉಪಕಾರ ಮಾಡಲು ನೋಡಿದ.

“ಕಿಟಕಿ ಇರೋ ಕೋಣೆ ಒಂದಿದೆ ಕಣಯ್ಯ, ಒಬ್ಬನಿಗೇ. ಸಮುದ್ರ ನೋಡ್ಕೊಂಡು ಮಹಾರಾಜನ ಹಾಗೆ ಹೋಗು.”

“ಕಿಟಕಿ ಇಲ್ಲದ ಒಳಗಿನ ಕೋಣೇಲಿ ಎಷ್ಟು ಜನ, ಶಾಮಣ್ಣೋರೆ?”

“ನಾಲ್ಕು. ಗಾಳಿ ಇಲ್ಲ, ಬೆಳಕಿಲ್ಲ. ಗೋದಾಮು ಅದು.”

“ಅದೇ ಇರ್ಲಿ ಮಾರಾಯ್ರೆ. ಸಮುದ್ರ ಊರಲ್ಲೇ ಬೇಕಾದಷ್ಟು ನೋಡಿದ್ದೇನೆ.”

“ನಿನ್ನ ಹಣೆಬರಹ,” ಎಂದು ಶಾಮಣ್ಣ ಟಿಕೆಟು ಬರೆದ.

ಹೊರಡುವ ದಿನ ಮಧ್ಯಾಹ್ನ ಚೆನ್ನಯ ಜೊತೆಗಾರರಿಗೆಂದು ಚಕ್ಕುಲಿಯ ಡಬ್ಬಿ ಹಿಡಿದು ಹಡಗು ಹತ್ತಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಮೂರು ಹಾಸಿಗೆಗಳ ಹೊದಿಕೆ ಮಡಿಚಿಟ್ಟ ಹಾಗೇ ಇತ್ತು. ಗೋವೆಯ ಹಡಗಿನಾಳೊಬ್ಬ ಇಣುಕಿ, ಆ ಮೂವರಿಗೂ ಮೇಲೆ ಕಿಟಕಿಯ ಕೋಣೆಗಳು ಸಿಕ್ಕಿದವೆಂದು ಹಿಂದಿಯಲ್ಲಿ ಹೇಳಿದ.

“ಮೈ ಭೀ ಊಪರ್?” ಎಂದು, ಮೇಲೆ ಅವರ ಪಕ್ಕದ ಕೋಣೆಯಾದರೂ ತನಗೆ ಸಿಕ್ಕೀತೇನೋ ಎಂಬ ಆಸೆಯಿಂದ ಚೆನ್ನಯ ಕೇಳಿದ.

“ಅಬ್ ಜಗಾ ನಹೀ, ಸೇಠ್. ಪೂರಾ ಕಮ್ರಾ ತುಮ್ಹಾರಾ,” ಎಂದು ನಕ್ಕು, ಮೇಲೆ ಜಾಗವಿಲ್ಲದ್ದಕ್ಕೆ ಇಡೀ ಕೋಣೆಯನ್ನು ಚೆನ್ನಯನೊಬ್ಬನಿಗೇ ಬಿಟ್ಟು, ಹಡಗಿನಾಳು ಬಾಗಿಲೆಳೆದುಕೊಂಡು ಹೋದ.

ಚೆನ್ನಯ ಬಾಗಿಲನ್ನು ಮತ್ತೆ ತೆರೆದು, ಮುಚ್ಚದಂತೆ ಟ್ರಂಕನ್ನು ಅಡ್ಡ ಇಟ್ಟ. ಅದರ ಮೇಲೆ ಕುಳಿತು, ಡಬ್ಬಿಯ ಮುಚ್ಚಳ ತೆಗೆದು, ಓಣಿಯಲ್ಲಿ ಯಾರಾದರೂ ಹಾದುಹೋಗಲೆಂದು ಕಾದ.